ಮೊನೆಯಿಲ್ಲದ ದಿಕ್ಕು

ಬಿಂದುಗಳನ್ನೂ ಅವನ್ನು ಕೂಡಿಸುವ ಗೆರೆಗಳನ್ನೂ ಬರೆದು ಒಂದು ವ್ಯವಸ್ಥೆಯ ಒಳಸಂಬಂಧಗಳನ್ನು ಕಣ್ಣಿಗೆ ಕಾಣಿಸುವ ಜಾಲಚಿತ್ರಗಳಲ್ಲಿ, ಯಾವುದರಿಂದ ಯಾವುದಕ್ಕೆ ಎಂಬುದನ್ನು ಹೇಳಬೇಕಾದೊಡನೆ ಚಿತ್ರಕಾರನ ಕೈ ತಾನೇ ತಾನಾಗಿ ಬಾಣದ ಮೊನೆಯನ್ನು ಎಳೆದುಬಿಡುತ್ತದೆ. ಈ ಅಭ್ಯಾಸವು ಎಷ್ಟು ಸಾರ್ವತ್ರಿಕವೋ ಅಷ್ಟೇ ಅವಿಚಾರಿತವೂ ಹೌದೆಂಬುದು, ಮುಂಬಯಿಯ ಲೋಕಲ್ ಗಾಡಿಗಳ ಬೆಳಗಿನ ಜನಸಂಚಾರವನ್ನು ಬಾಣಗಳಿಂದ ಬರೆಯಹೊರಟವರಿಗೆ ಬೇಗನೆ ಮನವರಿಕೆಯಾಗುವುದು. ವಿರಾರ್, ಬೊರಿವಲಿ, ಅಂಧೇರಿಗಳಿಂದ ಪಶ್ಚಿಮ ರೈಲಿನ ದಾರಿಯಲ್ಲಿಯೂ ಕಲ್ಯಾಣ, ಠಾಣೆ, ಘಾಟ್ಕೋಪರಗಳಿಂದ ಮಧ್ಯ ರೈಲಿನ ದಾರಿಯಲ್ಲಿಯೂ ಹೊರಟ ಗೆರೆಗಳು ದಾದರಿನ ಒಂದೇ ಬಿಂದುವನ್ನು ಬಂದು ಮುಟ್ಟಿದಾಗ, ಮೊನೆಗಳೆಲ್ಲ ಒಂದರ ಮೇಲೊಂದು ಬಿದ್ದು ಅಲ್ಲಿ ಕರಿಯ ಕಲೆಯೊಂದು ಮಾತ್ರ ಉಳಿಯುತ್ತದೆ. ದಿಕ್ಕನ್ನು ಹೇಳುವ ಹೊಣೆಯನ್ನು ಗೆರೆಯ ಒಂದು ತುದಿಗೆ, ಅದರಲ್ಲಿಯೂ ದಟ್ಟಣೆ ಹೆಚ್ಚಿದ ತುದಿಗೆ, ಒಪ್ಪಿಸಿದುದರ ಫಲವಿದು.

ಹಾಲೆಂಡಿನ ಐಂಡ್‌ಹೋವನ್ನಿನ ವಿದ್ವಾಂಸರಾದ ಡ್ಯಾನಿ ಹೋಲ್ಟನ್ ಮತ್ತು ಯಾರ್ಕೆ ವಾನ್ ವೈಕ್ ಇವರು ದಿಕ್ಕನ್ನು ಸೂಚಿಸುವ ನಾನಾ ವಿಧದ ಗೆರೆಗಳನ್ನು ಜನರ ಮುಂದಿಟ್ಟು ನಡೆಸಿದ ಪರೀಕ್ಷೆಯ ಫಲಿತವು 2009ರಲ್ಲಿ ಪ್ರಕಟವಾಯಿತು. ಹೊರಡುವೆಡೆಯಲ್ಲಿ ದಪ್ಪವಾಗಿದ್ದು ಸೇರುವೆಡೆಯಲ್ಲಿ ಸೂಕ್ಷ್ಮವಾಗುವ, ತೆಂಗಿನ ಗರಿಯ ಕಡ್ಡಿಯಂಥ ಗೆರೆಯು ಅಲ್ಲಿ ಎಲ್ಲಕ್ಕಿಂತ ಮೇಲೆನಿಸಿತು. ರೂಢಿಯ ಬಾಣವು ಹಿಂದೆ ಬಿದ್ದಿತು. ಗೆರೆಯ ನಡುವಣ ತುಣುಕೊಂದನ್ನು ಕಂಡರೂ ದಿಕ್ಕು ತಿಳಿಯುವುದೇ ಈ ಕಡ್ಡಿಯ ಗುಣ. ಆದರೆ ಗೆರೆಯ ದಪ್ಪಕ್ಕೆ ಜನರ ಸಂಖ್ಯೆಯನ್ನು ಹೇಳುವ ಕೆಲಸವನ್ನು ಮೊದಲೇ ಒಪ್ಪಿಸಿದ್ದರೆ, ಅದೇ ದಪ್ಪವು ದಿಕ್ಕನ್ನೂ ಹೇಳಲಾರದು. ನೆಪೋಲಿಯನ್ನನ ರಷ್ಯಾ ದಂಡಯಾತ್ರೆಯ ನಕ್ಷೆಯನ್ನು 1869ರಲ್ಲಿ ರಚಿಸಿದ ಮಿನಾರ್, ದಪ್ಪವನ್ನು ಸೈನಿಕರ ಸಂಖ್ಯೆಗೆ ಮೀಸಲಿಟ್ಟು, ಮುನ್ನಡೆಗೆ ಒಂದು ಬಣ್ಣವನ್ನೂ ಹಿಮ್ಮೆಟ್ಟುವಿಕೆಗೆ ಕಪ್ಪನ್ನೂ ಕೊಟ್ಟು ಈ ತೊಡಕಿನಿಂದ ಪಾರಾದನು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದಿರುವುದು ರೈಲಿನ ಕಂಟ್ರೋಲ್ ಕಚೇರಿಯ ಚಾರ್ಟು. ಅಡ್ಡಲಾಗಿ ಗಳಿಗೆಗಳು, ಲಂಬವಾಗಿ ನಿಲ್ದಾಣಗಳು, ಗಾಡಿಗೊಂದು ಓರೆಗೆರೆ. ಪ್ಯಾರಿಸ್-ಲಿಯೋನ್ ದಾರಿಯ ಇಂಥದೇ ಚಿತ್ರವೊಂದನ್ನು ಇಬ್ರಿ ಎಂಬವನದೆಂದು ಹೇಳಿ ಮರೇ ಎಂಬ ಫ್ರೆಂಚ್ ಶಾಸ್ತ್ರಜ್ಞನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮುದ್ರಿಸಿದ್ದನು. ಮುಂಬಯಿಯ ಪಶ್ಚಿಮ ರೈಲಿನ ಕೊನೆಯ ನಿಲ್ದಾಣವಾದ ಚರ್ಚ್‌ಗೇಟನ್ನು ಮೇಲೆಯೂ ವಿರಾರನ್ನು ಕೆಳಗೆಯೂ ಇಟ್ಟು ಬರೆದೆವೆಂದರೆ, ರೈಲಿನವರ ಮಾತಿನ 'ಅಪ್' ಗಾಡಿಗಳು, ಅಂದರೆ ಚರ್ಚ್‌ಗೇಟಿಗೆ ಬರುವಂಥವು, ಕಾಗದದ ಮೇಲೆಯೂ ಏರುತ್ತವೆ. 'ಡೌನ್' ಗಾಡಿಗಳು ಇಳಿಯುತ್ತವೆ. ಫಾಸ್ಟ್ ಗಾಡಿಯ ಗೆರೆ ಕಡಿದಾಗಿಯೂ ಸ್ಲೋ ಗಾಡಿಯದು ನಿಲ್ದಾಣ ನಿಲ್ದಾಣಕ್ಕೂ ಮೆಟ್ಟಿಲು ಮೆಟ್ಟಿಲಾಗಿಯೂ ಸಾಗುತ್ತದೆ. ಎದುರುಬದುರಾದ ಎರಡು ಗಾಡಿಗಳು ಎಲ್ಲಿ ಯಾವ ಹೊತ್ತಿನಲ್ಲಿ ಪರಸ್ಪರ ದಾಟುವುವೆಂಬುದು ಗೆರೆಗಳು ಕತ್ತರಿಸುವ ಬಿಂದುವಿನಲ್ಲಿ ಕಾಣುತ್ತದೆ. ಒಂದು ಓರೆಯಲ್ಲಿ ದಿಕ್ಕು, ವೇಗ, ಭೇಟಿ ಮೂರೂ ಅಡಕವಾಗಿರುವಾಗ ಬಾಣಕ್ಕೆ ಅಲ್ಲಿ ಕೆಲಸವೇ ಇಲ್ಲ.

ಓರೆಯಂತೆಯೇ, ಗುರುತನ್ನು ಬರೆದ ಸ್ಥಾನವೂ ಅರ್ಥವನ್ನು ಹೇಳಬಲ್ಲುದು: ಮಧ್ಯ ರೈಲಿನ ಪ್ಲಾಟ್‌ಫಾರ್ಮಿನ ಇಂಡಿಕೇಟರಿನಲ್ಲಿ 'ಎಸ್' ಅಕ್ಷರವು ಊರಿನ ಸ್ಥಾನದಲ್ಲಿದ್ದರೆ ಕರ್ಜತ್, ವೇಗದ ಸ್ಥಾನದಲ್ಲಿದ್ದರೆ ಸ್ಲೋ. ಹೊಸಬರು ತಬ್ಬಿಬ್ಬಾದರೂ ನಿತ್ಯಪ್ರಯಾಣಿಕರು ಎಡವುವುದಿಲ್ಲ. ಸ್ಥಾನದಿಂದಲೇ ಅರ್ಥವನ್ನು ಹೊರಡಿಸುವ ಈ ಕೌಶಲವು ಪರಾಕಾಷ್ಠೆಗೇರಿರುವುದು, ಮನೆಯ ಊಟವನ್ನು ಕಚೇರಿಗಳಿಗೆ ಒಯ್ಯುವ ಡಬ್ಬಾವಾಲಾಗಳ ಕೈಯಲ್ಲಿ. 1890ರಲ್ಲಿ ಮಹಾದೇವ ಹಾವಜಿ ಬಚ್ಚೆಯವರಿಂದ ಮೊದಲಾದ ಈ ವೃತ್ತಿಯವರು ಡಬ್ಬಿಯ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆಯುವ ಗುರುತನ್ನು ನೋಡಿ: ನಡುವೆ ದೊಡ್ಡದಾಗಿ, ಊಟ ಸೇರಬೇಕಾದ ನಿಲ್ದಾಣದ ಅಂಕೆ, ಚರ್ಚ್‌ಗೇಟಾದರೆ 3, ಅಂಚಿನಲ್ಲಿ ವಿಲೇಪಾರ್ಲೆಯೋ ಮತ್ತೊಂದೋ, ಡಬ್ಬಿ ಹೊರಟ ಉಪನಗರದ ಅಕ್ಷರಗಳು, ಇನ್ನೊಂದು ಪಕ್ಕದಲ್ಲಿ, ಅದನ್ನು ಕೊನೆಗೆ ತಲುಪಿಸುವವನ ಸಂಖ್ಯೆ, ಕಟ್ಟಡ, ಮಹಡಿ. ಮನೆಗೂ ಕಚೇರಿಗೂ ನಡುವಣ ಈ ಸಂಬಂಧಕ್ಕೆ ಎರಡು ತುದಿಗಳುಂಟು, ಬಾಣವೊಂದೂ ಇಲ್ಲ. ಬೆಳಿಗ್ಗೆ ವಿಂಗಡಿಸುವವನು ನಡುವಣ ಅಂಕೆಯನ್ನು ಓದುತ್ತಾನೆ. ಊಟ ಮುಗಿದು ಬರಿದಾದ ಡಬ್ಬಿ ಮನೆಗೆ ಮರಳುವಾಗ ಅಂಚಿನ ಅಕ್ಷರಗಳನ್ನು ಓದುತ್ತಾನೆ. ಬಾಣವನ್ನೇನಾದರೂ ಬರೆದಿದ್ದರೆ ಮಧ್ಯಾಹ್ನದ ಹೊತ್ತಿಗೆ ಅದು ಸುಳ್ಳಾಗುತ್ತಿತ್ತು.

ಡಬ್ಬಾವಾಲಾನಿಗೆ ತನ್ನ ಸಂಕೇತವು ಕಂಠಸ್ಥ; ಕಾಗದದ ಮೇಲಣ ಜಾಲಚಿತ್ರವನ್ನು ಓದುವವನು ಅಪರಿಚಿತ. ಆದುದರಿಂದ ಇಂಥ ಚಿತ್ರಗಳನ್ನು ಬರೆಯುವ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ: ಬಾಣದ ಮೊನೆಗಳು ಒಂದನ್ನೊಂದು ಮುಚ್ಚತೊಡಗಿದಾಗ ಅವನ್ನು ಕಿರಿದುಮಾಡಿ ಉಳಿಸಿಕೊಳ್ಳಲು ಹೆಣಗದೆ ತೆಗೆದುಹಾಕಿರಿ, ಅವುಗಳ ಬದಲಿಗೆ ಕಡ್ಡಿಯನ್ನಾಗಲಿ ಓರೆಯನ್ನಾಗಲಿ ಬಣ್ಣವನ್ನಾಗಲಿ ಯಾವುದನ್ನು ಆರಿಸಿದರೂ, ಅದರ ಅರ್ಥವನ್ನು ಚಿತ್ರದ ಮೂಲೆಯಲ್ಲಿ ಒಂದು ಸಾಲಿನಲ್ಲಿ ಬರೆದಿಡಿರಿ.