ಸ್ತನಕ್ಕೆ ಹರಡಿದ ಅನ್ಯಾಂಗದ ಅರ್ಬುದಗಳು: ಪ್ರಕರಣ ವರದಿಗಳ ವಿಮರ್ಶೆ

ಸ್ತನದಲ್ಲಿ ಕಂಡ ಅರ್ಬುದವೆಲ್ಲವೂ ಸ್ತನದಲ್ಲಿಯೇ ಹುಟ್ಟಿದುದಲ್ಲ. ಅನ್ಯಾಂಗದ ಅರ್ಬುದವು ರಕ್ತದ ಮೂಲಕವೋ ದುಗ್ಧರಸದ ಮೂಲಕವೋ ಬಂದು ಅಲ್ಲಿ ನೆಲೆಯೂರುವುದುಂಟು. ಇಂಥವು ಸ್ತನದ ಅರ್ಬುದಗಳಲ್ಲಿ ನೂರಕ್ಕೆ ಸುಮಾರು 2ನ್ನು ಮೀರವೆಂಬುದು ಬಹುಜನರ ಮತ. ಮೆಲನೋಮ, ಲಿಂಫೋಮ, ಶ್ವಾಸಕೋಶ ಹಾಗೂ ಅಂಡಾಶಯದ ಅರ್ಬುದಗಳು ಇವುಗಳಲ್ಲಿ ಮುಖ್ಯವಾದವು. ಇವನ್ನು ಕುರಿತ ಪ್ರಕರಣ ವರದಿಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ವರದಿಗಳ ಒಳಗೆ.

ವರದಿಗಾರರು ಬಹುಮಟ್ಟಿಗೆ ಅಪೂರ್ವತೆಗೆ ಮಾರುಹೋಗುತ್ತಾರೆ. ಚಿತ್ರಗಳು ಅಂದವಾಗಿರುವುವು, ವರ್ಣಲೇಪಗಳ ಪಟ್ಟಿ ಉದ್ದವಾಗಿರುವುದು. ಆದರೆ ಶಂಕೆಯು ಮೊದಲು ಯಾರಿಗೆ, ಏತಕ್ಕೆ ಹುಟ್ಟಿತೆಂಬುದು ಮಾತ್ರ ತಿಳಿಯದು. ರೋಗಿಗೆ ಹಿಂದೊಮ್ಮೆ ಶಸ್ತ್ರಕ್ರಿಯೆಯಾಗಿತ್ತೆಂಬ ಸಂಗತಿ ಕಡೆಯಲ್ಲಿ ನುಸುಳಿ ಬರುತ್ತದೆ. ಅದು ಮೊದಲ ಸಾಲಿನಲ್ಲಿಯೇ ಇರಬೇಕಾಗಿತ್ತೆಂಬುದು ನಮ್ಮ ಆಕ್ಷೇಪ.

ಲಕ್ಷಣಗಳು ಸುಳಿವು ಕೊಡುತ್ತವೆ, ನಿಜ. ಗಂಟು ಅನೇಕ ವೇಳೆ ದುಂಡಗೆ, ಚರ್ಮಕ್ಕೆ ಸಮೀಪವಾಗಿರುವುದು. ತೊಟ್ಟು ಒಳಕ್ಕೆ ಸೆಳೆದಿರುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಹಾಲಿನ ನಾಳಗಳೊಳಗೆ ಆರಂಭಾವಸ್ಥೆಯ ಅರ್ಬುದ ಕಾಣುವುದಿಲ್ಲ. ಆದರೂ ಮೋಸಹೋಗುವುದು ಸುಲಭ. ಅಂಡಾಶಯದ ಸೀರಸ್ ಅರ್ಬುದದಲ್ಲಿಯೂ ಈಸ್ಟ್ರೊಜೆನ್ ಗ್ರಾಹಕವು ಕಾಣಿಸಿಕೊಳ್ಳುವುದರಿಂದ, ಅದೊಂದನ್ನೇ ನಂಬಿದವನು ಸ್ತನದ ಅರ್ಬುದವೆಂದೇ ಬರೆದಾನು. ಪ್ಯಾಕ್ಸ್-8, ಡಬ್ಲ್ಯೂಟಿ-1 ಅಂಡಾಶಯವನ್ನೂ ಗಾಟಾ-3 ಸ್ತನವನ್ನೂ ಟಿಟಿಎಫ್-1 ಶ್ವಾಸಕೋಶವನ್ನೂ ಸೂಚಿಸುವುವು; ಯಾವುದೊಂದೂ ಪೂರ್ಣ ಪ್ರಮಾಣವಲ್ಲ. ಮೇಲಾಗಿ, ಯಾವ ಲೇಪವನ್ನು ಹಾಕಬೇಕೆಂದು ಲೇಪವೇ ಹೇಳಲಾರದು. ಅದನ್ನು ಹೇಳುವುದು ಪೂರ್ವವೃತ್ತಾಂತ.

ನಮ್ಮ ಸೀಮೆಯಲ್ಲಿ ಈ ವೃತ್ತಾಂತವೇ ಹರಿದು ಹಂಚಿಹೋಗಿರುತ್ತದೆ. ಹುಬ್ಬಳ್ಳಿಯಲ್ಲಿ 1957ರಲ್ಲಿ, ಬೆಳಗಾವಿಯಲ್ಲಿ 1963ರಲ್ಲಿ ವೈದ್ಯಕೀಯ ಕಾಲೇಜುಗಳಾದವು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ರೋಗಿಗೆ ಎರಡು ಕಡೆಯೂ ದಾರಿಯುಂಟು. ಹೊಟ್ಟೆಯ ಶಸ್ತ್ರಕ್ರಿಯೆ ಒಂದೂರಲ್ಲಿ, ಎದೆಯ ಗಂಟಿನ ಸೂಜಿಪರೀಕ್ಷೆ ಇನ್ನೊಂದೂರಲ್ಲಿ ನಡೆಯಬಹುದು. ಕೇಳಿದರೆ ಆ ತಾಯಿ “ಹೊಟ್ಟ್ಯಾಗಿನ ಗಡ್ಡಿ ತಗದಾರ್ರೀ” ಎಂದಾಳು. ಯಾವ ಗಡ್ಡೆಯೆಂದು ಆಕೆಗೆ ಯಾರೂ ತಿಳಿಸಿರಲಿಕ್ಕಿಲ್ಲ. ಕೋರಿಕೆಯ ಚೀಟಿಯಲ್ಲಿ “ಎಡಸ್ತನದ ಗಂಟು” ಎಂದಷ್ಟೇ ಇದ್ದರೆ ಪರೀಕ್ಷಕನಾದರೂ ಏನು ಮಾಡಬೇಕು?

ತಪ್ಪಿನ ಬೆಲೆ ತೆರುವವಳು ಆಕೆ. ಲಿಂಫೋಮವು ಬಹುಮಟ್ಟಿಗೆ ಔಷಧಕ್ಕೆ ಮಣಿಯುವ ರೋಗ. ಅದನ್ನು ಸ್ತನದ ಮೂಲ ಅರ್ಬುದವೆಂದು ಬಗೆದರೆ ಸ್ತನವನ್ನೇ ನಿಷ್ಕಾರಣವಾಗಿ ಕಳೆದುಕೊಂಡಾಳು. ಅಂಡಾಶಯದ್ದಾದರೆ ಔಷಧಕ್ರಮವೇ ಬೇರೆ.

ಆದಕಾರಣ ಮುಂದಿನ ವರದಿಗಾರರಲ್ಲಿ ನಮ್ಮದೊಂದು ಕೋರಿಕೆ: ಹಳೆಯ ಗಾಜುಪಟ್ಟಿ, ಮೇಣದ ಬ್ಲಾಕುಗಳು ಎಲ್ಲಿ ಸಿಕ್ಕವು, ತರಿಸಲು ಎಷ್ಟು ದಿನ ಹಿಡಿಯಿತು, ಹೊಸದರೊಡನೆ ಹೋಲಿಸಿ ನೋಡಿದವರು ಯಾರು ಎಂಬುದನ್ನೂ ಬರೆಯಬೇಕು. ಸಿಗದಿದ್ದರೆ ಸಿಗಲಿಲ್ಲವೆಂದೇ ಬರೆಯಲಿ.