‘ಕೆರೆಗೆ ಹಾರ’: ಲೋಕಹಿತ ಮತ್ತು ಸ್ವತ್ತಿನ ಪ್ರಶ್ನೆ

‘ಕೆರೆಗೆ ಹಾರ’ ಕಥನಗೀತೆಯ ವಿಮರ್ಶೆ ಬಹುಮಟ್ಟಿಗೆ ಎರಡು ನೆಲೆಗಳಲ್ಲಿ ನಡೆದಿದೆ. ಭಾಗೀರತಿಯದು ಲೋಕಹಿತಕ್ಕಾದ ಆತ್ಮಾರ್ಪಣೆ ಎಂಬುದು ಒಂದು. ಪುರುಷಪ್ರಧಾನ ವ್ಯವಸ್ಥೆ ನಡೆಸಿದ ಹತ್ಯೆ ಎಂಬುದು ಇನ್ನೊಂದು. ಇವೆರಡರ ನಡುವೆ, ಗೀತೆಯೊಳಗೇ ಬರುವ ಸ್ವತ್ತಿನ ಪ್ರಸ್ತಾಪವು ಪ್ರತ್ಯೇಕ ಪರಿಶೀಲನೆಗೆ ಅರ್ಹವಾಗಿದೆ.

ಬಲಿಯ ನಿರ್ಧಾರ ತಿಳಿದ ಭಾಗೀರತಿ ತವರಿಗೆ ಹೋಗುತ್ತಾಳೆ. ಕಣ್ಣೀರಿನ ಕಾರಣ ಕೇಳಿದ ತಂದೆಗೆ, ಅತ್ತೆಮಾವ ತನ್ನನ್ನು ಬೇರೆ ಇಡುವರೆಂದು ಮರೆಮಾಚಿ ಹೇಳುತ್ತಾಳೆ. ಹಾಗಾದರೆ ಹೊಲಮನೆ ಕೊಡಿಸುವೆನೆಂದು ತಂದೆ ಸಮಾಧಾನಪಡಿಸುತ್ತಾನೆ. ಆ ಹೊಲಮನೆಗೆ ಬೆಂಕಿ ಬೀಳಲೆಂಬಂತೆ ಅವಳು ಸಿಡಿಯುತ್ತಾಳೆ. ಇಡೀ ಗೀತೆಯಲ್ಲಿ ಅವಳು ಕೋಪದಿಂದ ಮಾತನಾಡುವುದು ತವರಿನವರ ಇಂಥ ಸಾಂತ್ವನಗಳೆದುರು. ಕಳೆದುಕೊಳ್ಳುವವರ ನಷ್ಟವನ್ನು ಸ್ವತ್ತಿನ ಅಳತೆಗೋಲಿನಿಂದ ಅಳೆಯಲಾಗದು ಎಂಬ ಅರಿವು ಈ ಸಿಡಿನುಡಿಯಲ್ಲಿದೆ.

ಗಮನಾರ್ಹವಾದ ಇನ್ನೊಂದು ಅಂಶವೆಂದರೆ, ಕೆರೆ ಊರಿಗೆ ಬೇಕು ಎಂಬುದನ್ನು ಗೀತೆ ಎಲ್ಲಿಯೂ ಅಲ್ಲಗಳೆಯುವುದಿಲ್ಲ. ಅದು ಎತ್ತುವ ಪ್ರಶ್ನೆ, ಬೆಲೆ ತೆರುವವರು ಯಾರು ಎಂಬುದು. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲದಂತಾಗುತ್ತದೆ, ಆದ್ದರಿಂದ ಕಿರಿಯವಳು. ನಿರ್ಧರಿಸುವವನು ಮಲ್ಲನಗೌಡ, ಕೀರ್ತಿ ಅವನ ಮನೆತನಕ್ಕೆ, ನೀರು ಊರಿಗೆ. ತೆರುವವಳನ್ನು ಮಾತ್ರ ಯಾರೂ ಕೇಳುವುದಿಲ್ಲ.

ಇದನ್ನು ಶಾಸನಗಳ ಲೋಕದೊಂದಿಗೆ ಹೋಲಿಸಬಹುದು. ಕೆರೆಯ ನಿರ್ಮಾಣ ಮತ್ತು ಪೋಷಣೆಗೆ ಭೂಮಿಯನ್ನು ಬಿಟ್ಟುಕೊಡುವ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದಗಳು ಕನ್ನಡ ಶಾಸನಗಳಿಗೆ ಪರಿಚಿತವಾದವು. ಖಾಸಗಿ ಭೂಹಕ್ಕು ಮತ್ತು ಸಾರ್ವಜನಿಕ ಹಿತ ಅಲ್ಲಿ ಪರಸ್ಪರ ಪೂರಕ. ಆದರೆ ಶಾಸನ ದಾಖಲಿಸುವುದು ಪಡೆದವರನ್ನು. ತೆತ್ತವರನ್ನು ನೆನೆಯುವ ಕೆಲಸ ಹಾಡಿಗೆ ಉಳಿದಿದೆ.

ಆಧುನಿಕ ಕಾನೂನೂ ಇದೇ ಪ್ರಶ್ನೆಯ ಸುತ್ತ ಸುತ್ತಿದೆ. 1894ರ ಭೂಸ್ವಾಧೀನ ಕಾಯಿದೆಯಲ್ಲಿ ಸಾರ್ವಜನಿಕ ಉದ್ದೇಶದ ಘೋಷಣೆ ಮತ್ತು ಪರಿಹಾರಧನಗಳಿದ್ದವು. ಒಪ್ಪಿಗೆಯ ಮಾತು ಇರಲಿಲ್ಲ. 1978ರ 44ನೆಯ ತಿದ್ದುಪಡಿಯು ಆಸ್ತಿಯನ್ನು ಮೂಲಭೂತ ಹಕ್ಕುಗಳಿಂದ ತೆಗೆದು 300ಎ ವಿಧಿಯಡಿ ಇರಿಸಿತು. 2013ರ ಕಾಯಿದೆ ಖಾಸಗಿ ಕಂಪನಿಗಳ ಯೋಜನೆಗೆ ಬಾಧಿತ ಕುಟುಂಬಗಳ ಶೇ. 80ರಷ್ಟು, ಖಾಸಗಿ-ಸಾರ್ವಜನಿಕ ಪಾಲುದಾರಿಕೆಗೆ ಶೇ. 70ರಷ್ಟು ಒಪ್ಪಿಗೆಯನ್ನು ಕಡ್ಡಾಯಗೊಳಿಸಿತು. ಸರ್ಕಾರದ ಸ್ವಂತ ಯೋಜನೆಗಳಿಗೆ ಈ ನಿಬಂಧನೆಯಿಲ್ಲ. ಕೆರೆ ಕಟ್ಟಿಸುವ ಗೌಡನ ಸ್ಥಾನದಲ್ಲಿ ಪ್ರಭುತ್ವವೇ ನಿಂತಾಗ ಕೇಳಬೇಕಾದವರನ್ನು ಕೇಳದಿರುವ ಅವಕಾಶ ಹಾಗೆಯೇ ಉಳಿದಿದೆ. ಖಾಸಗಿ ಆಸ್ತಿಯೆಲ್ಲವೂ ಸಮುದಾಯದ ಭೌತಿಕ ಸಂಪನ್ಮೂಲವಾಗದು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2024ರಲ್ಲಿ ಬಹುಮತದಿಂದ ಹೇಳಿರುವುದೂ ಈ ಚರ್ಚೆಯ ಮುಂದುವರಿಕೆಯೇ.

ಹಾಗೆಂದು ಈ ಗೀತೆಯನ್ನು ಖಾಸಗಿ ಸ್ವತ್ತಿನ ಸಮರ್ಥನೆಯಾಗಿ ಓದುವುದು ತಪ್ಪಾದೀತು. ಕೆರೆಯಂಗಳವನ್ನು ಒತ್ತುವರಿ ಮಾಡಿ ಹಕ್ಕಿನ ಮಾತಾಡುವವರಿಗೆ ಇದರಲ್ಲಿ ಆಸರೆಯಿಲ್ಲ. ಭಾಗೀರತಿ ತನ್ನದೆಂದು ಹೇಳಿಕೊಳ್ಳಬಲ್ಲ ಸ್ವತ್ತೇ ಇಲ್ಲದವಳು. ಭೂಮಾಲೀಕನಿಗೆ ಪರಿಹಾರ ದೊರೆತಾಗಲೂ ಲೆಕ್ಕಕ್ಕೆ ಸಿಗದೆ ಹೋಗುವ ಕೂಲಿಯವರ, ಗೇಣಿದಾರರ, ಹೆಣ್ಣುಮಕ್ಕಳ ಪ್ರತಿನಿಧಿ ಅವಳು. 2013ರ ಕಾಯಿದೆ ಬಾಧಿತ ಕುಟುಂಬದ ವ್ಯಾಖ್ಯೆಯಲ್ಲಿ ಭೂರಹಿತರನ್ನೂ ಸೇರಿಸಿದ್ದು ಜನಪದ ವಿವೇಕ ಬಹುಹಿಂದೆಯೇ ಕಂಡಿದ್ದರ ತಡವಾದ ಮನ್ನಣೆ.

ದಂಡಿನಿಂದ ಮರಳಿದ ಮಾದೇವರಾಯ ಅದೇ ಕೆರೆಗೆ ಹಾರುವುದರೊಂದಿಗೆ ಗೀತೆ ಮುಗಿಯುತ್ತದೆ. ಕೆರೆ ತುಂಬಿದೆ, ಲೋಕಹಿತ ಸಾಧಿತವಾಗಿದೆ. ಆದರೂ ಲೆಕ್ಕ ಚುಕ್ತಾ ಆಗಿಲ್ಲ. ಲೋಕಹಿತವನ್ನು ಒಪ್ಪಿಕೊಂಡೇ ಅದರ ಬೆಲೆಯ ಹಂಚಿಕೆಯನ್ನು ಪ್ರಶ್ನಿಸುವ ಈ ನಿಲುವೇ ಗೀತೆಯ ವೈಚಾರಿಕ ಸತ್ವವೆನ್ನಬಹುದು.