ಅಮ್ಮನ ಮಾತ್ರೆ ಚೀಟಿ: ಏಳು ಸಾಲಿಗೆ ಒಂದು ವ್ಯಾಖ್ಯಾನ

ಅಮ್ಮನ ಮಾತ್ರೆ ಚೀಟಿಯಲ್ಲಿ ಏಳು ಸಾಲುಗಳಿವೆ. ನರರೋಗದ ಡಾಕ್ಟರು ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು ಕನ್ನಡಕ್ಕೆ ಇಳಿಸಿ, ದಪ್ಪ ಅಕ್ಷರದಲ್ಲಿ ಬರೆದು, ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೇನೆ. ಮನೆಗೆ ಬಂದವರು ಎರಡನೇ ಸಾಲನ್ನು ಮಾತ್ರ ಓದುತ್ತಾರೆ, ಮಾತ್ರೆಯ ಹೆಸರು ಇರುವುದು ಅಲ್ಲಿ. ಮೊದಲ ಒಂದು ವರ್ಷ ನಾನೂ ಹಾಗೆಯೇ ಓದಿದೆ. ಉಳಿದ ಸಾಲುಗಳೂ ಅಷ್ಟೇ ಔಷಧ ಎಂದು ನನಗೆ ತಿಳಿಯಬೇಕಾದರೆ ಅಮ್ಮ ಮೂರು ದಿನ ಕೊರಡಿನಂತೆ ಮಂಚದ ಮೇಲೆ ಬಿದ್ದಿರಬೇಕಾಯಿತು. ಅದಕ್ಕೇ ಈ ಟೀಕೆ.

1. ಪಾರ್ಕಿನ್ಸನ್. ಬಲಗೈ ನಡುಕ, ಬಿಗಿತ, ನಿಧಾನ.

ಪಾರ್ಕಿನ್ಸನ್ ಎಂಬುದು ಮನುಷ್ಯನ ಹೆಸರು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ‘ನಡುಗುವ ಲಕ್ವ’ದ ಮೇಲೆ ಪುಟ್ಟದೊಂದು ಪ್ರಬಂಧ ಬರೆದ. ಅದರಲ್ಲಿರುವುದು ಆರೇ ಆರು ರೋಗಿಗಳ ವಿವರ, ಅವರಲ್ಲೂ ಕೆಲವರನ್ನು ಅವನು ಕಂಡದ್ದು ಬೀದಿಯಲ್ಲಿ. ನಮ್ಮ ಆಯುರ್ವೇದದವರು ಕಂಪವಾತ ಎನ್ನುತ್ತಾರೆ. ಇಲ್ಲೂ ಅಲ್ಲೂ ಎಲ್ಲರ ಕಣ್ಣು ಮೊದಲು ಹೋದದ್ದು ನಡುಕದ ಮೇಲೆ.

ಆದರೆ ಈ ಸಾಲಿನಲ್ಲಿ ಹೆಚ್ಚು ತೂಕದ ಪದ ಕೊನೆಯದು, ‘ನಿಧಾನ’. ಕಾಲು ಗಂಟೆಯಲ್ಲಿ ಮೊಳ ಮಲ್ಲಿಗೆ ಕಟ್ಟುತ್ತಿದ್ದ ಅಮ್ಮನ ಕೈ ಮುಕ್ಕಾಲು ಗಂಟೆ ಹಿಡಿಯತೊಡಗಿದಾಗ ನಾವು ವಯಸ್ಸಾಯಿತು ಎಂದುಕೊಂಡೆವು. ನಡೆಯುವಾಗ ಬಲಗೈ ಬೀಸುವುದು ನಿಂತಿತ್ತು, ಅದನ್ನೂ ಯಾರೂ ಗಮನಿಸಲಿಲ್ಲ. ನಡುಕ ಬಂದದ್ದು ಆಮೇಲೆ.

ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ನರಕೋಶದೊಳಗೆ ಸುದ್ದಿ ವಿದ್ಯುತ್ತಾಗಿ ಓಡುತ್ತದೆ. ಸೋಡಿಯಂ ಒಳಗೆ ನುಗ್ಗುತ್ತದೆ, ಪೊಟ್ಯಾಶಿಯಂ ಹೊರಗೆ ಹೋಗುತ್ತದೆ, ಅಲೆ ಮುಂದೆ ಸಾಗುತ್ತದೆ. ತುದಿ ಮುಟ್ಟಿದಾಗ ಒಂದು ಕಂದಕ ಎದುರಾಗುತ್ತದೆ, ಒಂದು ಮಿಲಿಮೀಟರನ್ನು ಐವತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲಿನಷ್ಟು ಅಗಲದ್ದು. ಹೆಚ್ಚಿನ ಕಡೆ ವಿದ್ಯುತ್ತು ಅದನ್ನು ದಾಟಲಾರದು. ಅಲ್ಲಿ ಕೋಶ ತನ್ನ ತುದಿಯ ಸಣ್ಣ ಚೀಲಗಳನ್ನು ಒಡೆದು ರಾಸಾಯನಿಕವನ್ನು ಚೆಲ್ಲುತ್ತದೆ, ಆಚೆ ದಡದ ಗ್ರಾಹಕಗಳು ಅದನ್ನು ಹಿಡಿದುಕೊಳ್ಳುತ್ತವೆ. ಮನಸ್ಸಿನ ಮೇಲೆ, ಚಲನೆಯ ಮೇಲೆ ಕೆಲಸ ಮಾಡುವ ಔಷಧಗಳಲ್ಲಿ ಬಹುಪಾಲು ಕೈ ಹಾಕುವುದು ಈ ಕಂದಕದಲ್ಲಿಯೇ.

ಅಮ್ಮನಲ್ಲಿ ಕಡಿಮೆಯಾಗಿರುವ ರಾಸಾಯನಿಕ ಡೋಪಮೈನ್. ಚಲನೆಗಾಗಿ ಅದನ್ನು ತಯಾರಿಸುವ ಕೋಶಗಳು ಮೆದುಳಿನ ಕಾಂಡದ ಮೇಲ್ಭಾಗದಲ್ಲಿ ಕಪ್ಪು ಪಟ್ಟಿಯಾಗಿ ಕೂತಿವೆ. ಆರೋಗ್ಯವಂತರ ಮೆದುಳನ್ನು ಅಲ್ಲಿ ಅಡ್ಡ ಕೊಯ್ದರೆ ಕಾಡಿಗೆ ತೀಡಿದಂತೆ ಬರಿಗಣ್ಣಿಗೇ ಕಾಣುತ್ತದೆ. ಈ ರೋಗದಲ್ಲಿ ಆ ಕಾಡಿಗೆ ಅಳಿಸುತ್ತಾ ಬರುತ್ತದೆ, ಕೈ ನಡುಗುವ ಹೊತ್ತಿಗೆ ಬಹಳಷ್ಟು ಕೋಶಗಳು ಸತ್ತಾಗಿರುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳುಗಳ ಒಂದು ಸಂಗ್ರಹಾಲಯವೇ ಇದೆ, ಸಾಮಾನ್ಯರೂ ಹೋಗಿ ನೋಡಬಹುದು. ಮನೆಯಲ್ಲಿ ಇಂಥ ಕಾಯಿಲೆ ಇರುವವರು ಒಮ್ಮೆ ಹೋಗಿಬನ್ನಿ ಎಂದು ನಾನು ಹೇಳುತ್ತೇನೆ. ಅಲ್ಲಿಂದ ಬಂದ ಮೇಲೆ ಅಮ್ಮನಿಗೆ ‘ಸ್ವಲ್ಪ ಬೇಗ ಬೇಗ ನಡಿ’ ಎನ್ನಲು ನನ್ನ ನಾಲಿಗೆ ಏಳಲಿಲ್ಲ.

2. ಲೆವೊಡೋಪಾ 100, ಕಾರ್ಬಿಡೋಪಾ 25. ಒಂದೊಂದು ಮಾತ್ರೆ: ಬೆಳಿಗ್ಗೆ 7, 11, ಮಧ್ಯಾಹ್ನ 3, ಸಂಜೆ 7.

ಡೋಪಮೈನ್ ಕಡಿಮೆ ಇದ್ದರೆ ಡೋಪಮೈನನ್ನೇ ಕೊಡಬಹುದಲ್ಲ? ಕೊಟ್ಟರೆ ಮೆದುಳಿಗೆ ಸೇರದು. ಮೆದುಳಿನ ರಕ್ತನಾಳಗಳ ಗೋಡೆ ಬೇರೆ ಕಡೆಯದರಂತಲ್ಲ, ಕೋಶಗಳು ಅಂಚಿಗೆ ಅಂಚು ಹೊಲಿದಂತೆ ಕೂತು ಚೆಕ್‌ಪೋಸ್ಟ್ ಹಾಕಿವೆ. ಡೋಪಮೈನಿಗೆ ಅಲ್ಲಿ ಪ್ರವೇಶವಿಲ್ಲ. ಅದರ ಹಿಂದಿನ ಹಂತವಾದ ಡೋಪಾ ಒಂದು ಅಮೈನೋ ಆಮ್ಲ, ಅಂದರೆ ಆಹಾರದ ವೇಷದಲ್ಲಿರುವಂಥದು. ಅದನ್ನು ಒಳಗೆ ಬಿಡುತ್ತಾರೆ. ಒಳಗೆ ಹೋದ ಮೇಲೆ ಉಳಿದಿರುವ ಕೋಶಗಳು ಅದನ್ನು ಡೋಪಮೈನ್ ಮಾಡಿಕೊಳ್ಳುತ್ತವೆ.

‘ಲೆವೊ’ ಎಂದರೆ ಎಡ. ಡೋಪಾದ ಅಣು ನಮ್ಮ ಎರಡು ಕೈಗಳಂತೆ ಎರಡು ರೂಪದಲ್ಲಿರಬಹುದು, ನಮ್ಮ ದೇಹ ಬಳಸುವುದು ಎಡದ್ದನ್ನು ಮಾತ್ರ.

ಈ ಅಣು ಔಷಧವಾದ ದಾರಿಯಲ್ಲಿ ನಮ್ಮ ನೆಲದ ಒಂದು ಗಿಡ ನಿಂತಿದೆ, ಸರ್ಪಗಂಧಿ. ಅದರ ಬೇರು ಹುಚ್ಚಿಗೂ ರಕ್ತದೊತ್ತಡಕ್ಕೂ ಆಗುತ್ತದೆ ಎಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. 1952ರಲ್ಲಿ ಸ್ವಿಟ್ಜರ್ಲೆಂಡಿನವರು ಆ ಬೇರಿನಿಂದ ರೆಸರ್ಪಿನ್ ಬೇರ್ಪಡಿಸಿದರು. ಈ ರೆಸರ್ಪಿನ್ ನರತುದಿಯ ಚೀಲಗಳಿಗೆ ಸರಕು ತುಂಬದಂತೆ ಮಾಡುತ್ತದೆ, ಕೆಲವೇ ಗಂಟೆಗಳಲ್ಲಿ ಉಗ್ರಾಣ ಬರಿದಾಗುತ್ತದೆ. ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟರು. ಮೊಲಗಳು ಕಿವಿ ಜೋಲಿಸಿ, ಇದ್ದಲ್ಲೇ ಮುದ್ದೆಯಾಗಿ ಕೂತವು. ಆಮೇಲೆ ಡೋಪಾ ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಮೊಲಗಳು ಕಿವಿ ನಿಮಿರಿಸಿ ಓಡಾಡಿದವು. ಅದು 1957. ಆವರೆಗೂ ಡೋಪಮೈನ್ ಬೇರೊಂದು ರಾಸಾಯನಿಕಕ್ಕೆ ಹೋಗುವ ದಾರಿಯ ತಂಗುದಾಣ ಎಂದಷ್ಟೇ ಎಣಿಸಿದ್ದರು.

ಮೂರು ವರ್ಷಗಳ ಮೇಲೆ ವಿಯೆನ್ನಾದಲ್ಲಿ ಒಲೆಹ್ ಹೊರ್ನಿಕೆವಿಚ್, ಈ ರೋಗದಿಂದ ತೀರಿಕೊಂಡವರ ಮೆದುಳಿನಲ್ಲಿ ಡೋಪಮೈನ್ ಬತ್ತಿಹೋಗಿರುವುದನ್ನು ತೋರಿಸಿದರು. 1961ರಲ್ಲಿ ಅವರೂ ವಾಲ್ಟರ್ ಬಿರ್ಕ್‌ಮಾಯರ್ ಅವರೂ ರೋಗಿಗಳ ರಕ್ತನಾಳಕ್ಕೆ ಲೆವೊಡೋಪಾ ಕೊಟ್ಟಾಗ ಮಂಚದಿಂದ ಏಳಲಾರದವರು ಎದ್ದು ನಡೆದರು, ಕೆಲವು ಗಂಟೆಗಳ ಮಟ್ಟಿಗೆ. ಬಾಯಿಂದ ಕೊಟ್ಟು, ತಾಳ್ಮೆಯಿಂದ ಪ್ರಮಾಣ ಏರಿಸಿ ಅದನ್ನು ದಿನನಿತ್ಯದ ಚಿಕಿತ್ಸೆಯಾಗಿಸಿದ್ದು ಅಮೆರಿಕದ ಜಾರ್ಜ್ ಕೊಟ್ಜಿಯಾಸ್, 1967ರಲ್ಲಿ. ಕಾರ್ಲ್‌ಸನ್ನರಿಗೆ 2000ದಲ್ಲಿ ನೊಬೆಲ್ ಬಂತು. ಆ ಮೊಲಗಳು ಎದ್ದು ಓಡಾಡಿದ್ದನ್ನು ಓದಿದ ದಿನ, ಅಮ್ಮ ಬೆಳಗಿನ ಮಾತ್ರೆ ನುಂಗಿದ ಮುಕ್ಕಾಲು ಗಂಟೆಗೆ ತಾನೇ ಎದ್ದು ಹಾಲು ಕಾಯಿಸಲು ಹೋಗುವುದನ್ನು ನಾನು ಬೇರೆ ಕಣ್ಣಿನಿಂದ ನೋಡಿದೆ.

ಇನ್ನು ‘ಕಾರ್ಬಿಡೋಪಾ 25’. ಲೆವೊಡೋಪಾ ಒಂದನ್ನೇ ನುಂಗಿದರೆ ಕರುಳಿನಲ್ಲಿ, ರಕ್ತದಲ್ಲಿ, ಯಕೃತ್ತಿನಲ್ಲಿ ಕಾದು ಕೂತ ಕಿಣ್ವ ಅದನ್ನು ದಾರಿಯಲ್ಲೇ ಡೋಪಮೈನ್ ಮಾಡಿಬಿಡುತ್ತದೆ, ಮೆದುಳಿಗೆ ತಲುಪುವುದು ನೂರಕ್ಕೆ ಒಂದೆರಡು ಪಾಲು. ಕಾರ್ಬಿಡೋಪಾ ಆ ಕಿಣ್ವದ ಕೈ ಕಟ್ಟುತ್ತದೆ. ಆದರೆ ಕಾರ್ಬಿಡೋಪಾಕ್ಕೆ ಮೆದುಳಿನ ಚೆಕ್‌ಪೋಸ್ಟ್ ದಾಟಲು ಬಾರದು, ಹಾಗಾಗಿ ಒಳಗಿನ ಕೆಲಸ ನಿಲ್ಲುವುದಿಲ್ಲ. ಗಡಿ ದಾಟಲಾರದ್ದನ್ನೇ ಹುಡುಕಿ ಜೊತೆಗೆ ಕಳಿಸಿದ ಬುದ್ಧಿಗೆ ನಾನು ಕೈ ಮುಗಿಯುತ್ತೇನೆ.

ನಾಲ್ಕು ಗಂಟೆಗೊಂದು ಏಕೆಂದರೆ ಲೆವೊಡೋಪಾ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಒಂದೂವರೆ ಗಂಟೆಗೆ ಅರ್ಧಕ್ಕಿಳಿಯುತ್ತದೆ. ರೋಗ ಹೊಸತಿದ್ದಾಗ ಉಳಿದ ಕೋಶಗಳು ಅದನ್ನು ಕೂಡಿಟ್ಟು ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ವರ್ಷಗಳು ಕಳೆದಂತೆ ಕೂಡಿಡುವ ಮನೆಗಳೇ ಕಡಿಮೆಯಾಗುತ್ತವೆ, ಆಗ ಮಾತ್ರೆಯ ಹೊತ್ತೇ ಮನುಷ್ಯನ ಹೊತ್ತು. ಹನ್ನೊಂದು ಎಂದರೆ ಹನ್ನೊಂದೇ. ಹನ್ನೊಂದೂವರೆಗೆ ಅಮ್ಮನ ಪಾದ ನೆಲಕ್ಕೆ ಅಂಟಿರುತ್ತದೆ.

3. ಊಟಕ್ಕೆ ಅರ್ಧ ಗಂಟೆ ಮೊದಲು, ಬರೀ ನೀರಿನ ಜೊತೆ. ಕಬ್ಬಿಣದ ಮಾತ್ರೆ ಒಟ್ಟಿಗೆ ಬೇಡ.

ಡೋಪಾ ಆಹಾರದ ವೇಷದಲ್ಲಿ ಗಡಿ ದಾಟುತ್ತದೆ ಎಂದೆನಲ್ಲ, ನಿಜವಾದ ಆಹಾರವೂ ಅದೇ ಗೇಟಿನಲ್ಲಿ ಬರುತ್ತದೆ. ಹಾಲು, ಬೇಳೆ, ಮೊಟ್ಟೆ, ಮಾಂಸದ ಪ್ರೋಟೀನು ಜೀರ್ಣವಾಗಿ ಅಮೈನೋ ಆಮ್ಲಗಳಾದಾಗ ಕರುಳಿನ ಗೋಡೆಯಲ್ಲೂ ಮೆದುಳಿನ ಗೋಡೆಯಲ್ಲೂ ಒಂದೇ ಸಾಗಣೆದಾರನಿಗಾಗಿ ನೂಕುನುಗ್ಗಲು. ಅಮ್ಮ ಮೊದಲು ಮಾತ್ರೆಯನ್ನು ಲೋಟ ತುಂಬ ಹಾಲಿನ ಜೊತೆ ನುಂಗುತ್ತಿದ್ದಳು, ‘ಹೀಟು ಮಾತ್ರೆ, ಹಾಲು ಕುಡಿದರೆ ತಂಪು’ ಎಂದು. ಎಷ್ಟೋ ಬೆಳಗು ಹಾಗೆ ಕೈಬಿಟ್ಟವು. ಈಗ ಏಳಕ್ಕೆ ನೀರು, ಏಳೂವರೆ ಮೇಲೆ ತಿಂಡಿ. ಹೆಸರುಬೇಳೆ ಕೋಸಂಬರಿ, ಕಾಳಿನ ಹುಳಿ ರಾತ್ರಿಗೆ ಸರಿದವು. ಕಬ್ಬಿಣ ಹೊಟ್ಟೆಯಲ್ಲೇ ಲೆವೊಡೋಪಾವನ್ನು ಹಿಡಿದುಕೊಳ್ಳುತ್ತದೆ, ಎರಡರ ನಡುವೆ ಎರಡು ಗಂಟೆ ಅಂತರ ಇಟ್ಟರಾಯಿತು.

4. ವಾಂತಿಗೆ ಡೊಂಪೆರಿಡೋನ್ 10, ಬೇಕಾದರೆ ಮಾತ್ರ. ಮೆಟೊಕ್ಲೊಪ್ರಮೈಡ್ ಕೊಡಲೇಬಾರದು.

ಲೆವೊಡೋಪಾ ವಾಂತಿ ಬರಿಸುತ್ತದೆ ಎಂಬುದನ್ನು ಮೊದಲು ಕಂಡುಕೊಂಡವನು ಅದನ್ನು ಸಸ್ಯದಿಂದ ಬೇರ್ಪಡಿಸಿದವನೇ. 1913ರಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಕುಸ್ ಗುಗ್ಗೆನ್‌ಹೈಮ್ ಒಂದು ಜಾತಿಯ ಅವರೆಯಿಂದ ಅದನ್ನು ತೆಗೆದು, ಎರಡೂವರೆ ಗ್ರಾಂ ತಾನೇ ನುಂಗಿ, ವಿಪರೀತ ಕಾರಿಕೊಂಡ. ವಾಂತಿಯ ಸೂಚನೆ ಹೊರಡುವ ಮೆದುಳಿನ ಒಂದು ಚುಕ್ಕೆಯಷ್ಟು ಜಾಗದಲ್ಲಿ ಆ ಬಿಗಿ ಗೋಡೆ ಇಲ್ಲ. ರಕ್ತದಲ್ಲಿ ವಿಷ ಸೇರಿತೇ ಎಂದು ರುಚಿ ನೋಡುವುದೇ ಅದರ ಕೆಲಸ. ಹೊರಗೆ ಅಡ್ಡಾಡುವ ಡೋಪಮೈನ್ ಅದಕ್ಕೆ ನೇರ ಸಿಗುತ್ತದೆ.

ಈಗ ಎರಡು ಔಷಧಗಳನ್ನು ನೋಡಿ. ಎರಡೂ ಒಂದೇ ಕೆಲಸದವು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ ಡೋಪಮೈನ್ ಗ್ರಾಹಕದ ಮೇಲೆ ಕೂರುತ್ತವೆ. ತಾವು ಸುದ್ದಿ ಕೊಡುವುದಿಲ್ಲ, ಡೋಪಮೈನಿಗೂ ಜಾಗ ಬಿಡುವುದಿಲ್ಲ. ವಾಂತಿ ನಿಲ್ಲುತ್ತದೆ. ವ್ಯತ್ಯಾಸ ಇಷ್ಟೇ: ಡೊಂಪೆರಿಡೋನ್ ಬಹುಮಟ್ಟಿಗೆ ಗೋಡೆಯ ಹೊರಗೇ ಉಳಿಯುತ್ತದೆ, ಮೆಟೊಕ್ಲೊಪ್ರಮೈಡ್ ಒಳಕ್ಕೆ ಹೋಗಿ ಮೆದುಳಿನ ಸೀಟುಗಳ ಮೇಲೂ ಟವೆಲ್ ಹಾಸುತ್ತದೆ.

ಮೂತ್ರದ ಸೋಂಕಿಗೆಂದು ಅಮ್ಮನನ್ನು ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಮಾತ್ರೆ ಡಬ್ಬಿಯನ್ನು ಅವರು ತಮ್ಮ ಬಳಿ ಇಟ್ಟುಕೊಂಡರು, ವಾರ್ಡಿನ ರೌಂಡಿನ ಹೊತ್ತಿಗೆ ಕೊಟ್ಟರು. ಏಳರದ್ದು ಒಂಬತ್ತಕ್ಕೆ, ಹನ್ನೊಂದರದ್ದು ಎರಡಕ್ಕೆ. ವಾಂತಿಯಾದಾಗ ಮೆಟೊಕ್ಲೊಪ್ರಮೈಡ್ ಇಂಜೆಕ್ಷನ್. ಅಲ್ಲಿ ಎಲ್ಲ ರೋಗಿಗಳಿಗೂ ಅದೇ ರೂಢಿ, ನಾವೂ ಚೀಟಿ ತೋರಿಸಿರಲಿಲ್ಲ. ಎರಡನೇ ದಿನ ಅಮ್ಮನ ಕತ್ತು ದಿಂಬಿಗೆ ಒತ್ತದೆ ಗಾಳಿಯಲ್ಲೇ ನಿಂತಿತ್ತು. ಬಾಯಿಗೆ ಹಾಕಿದ ಗಂಜಿ ಕೆನ್ನೆಯೊಳಗೇ ಉಳಿಯಿತು. ಕಣ್ಣು ಮಾತ್ರ ನಮ್ಮನ್ನು ಹಿಂಬಾಲಿಸುತ್ತಿತ್ತು. ಸೋಂಕು ತಲೆಗೇರಿದೆ ಎಂದರು. ನಮ್ಮ ಡಾಕ್ಟರಿಗೆ ಫೋನ್ ಹೋದ ಮೇಲೆ ಇಂಜೆಕ್ಷನ್ ನಿಂತಿತು, ಮಾತ್ರೆ ಮತ್ತೆ ತನ್ನ ಗಂಟೆಗೆ ಬಂತು. ಅಮ್ಮ ಬಾಯಿಬಿಟ್ಟು ಆಡಿದ ಮೊದಲ ಮಾತು, ‘ಎಲ್ಲಾ ಕೇಳಿಸ್ತಿತ್ತು ಮಗಾ.’ ಇದೇ ಗುಂಪಿನ ಕೆಲವು ಮಾನಸಿಕ ಔಷಧಗಳೂ, ಹ್ಯಾಲೊಪೆರಿಡಾಲ್ ಮುಖ್ಯವಾಗಿ, ಹೀಗೆಯೇ ಮಾಡುತ್ತವೆ. ಈ ಸಾಲನ್ನು ನಾನು ಈಗ ಕೆಂಪು ಶಾಯಿಯಲ್ಲಿ ಬರೆದು ಅಮ್ಮನ ಪರ್ಸಿನಲ್ಲೂ ಒಂದು ಪ್ರತಿ ಇಟ್ಟಿದ್ದೇನೆ.

‘ಬೇಕಾದರೆ ಮಾತ್ರ’ ಎಂಬುದನ್ನೂ ಹಾರಿಸಬೇಡಿ. ಡೊಂಪೆರಿಡೋನ್ ಹೃದಯದ ಲಯವನ್ನು ಕೆಡಿಸಬಲ್ಲದು.

5. ಟ್ರೈಹೆಕ್ಸಿಫೆನಿಡಿಲ್ ಮೆಲ್ಲಗೆ ಕಡಿಮೆ ಮಾಡಿ ನಿಲ್ಲಿಸುವುದು.

ನಡುಕಕ್ಕೆಂದು ಹಳೆಯ ಚೀಟಿಯಲ್ಲಿ ಇದ್ದ ಮಾತ್ರೆ. ಇದು ಡೋಪಮೈನಿನ ತಂಟೆಗೆ ಹೋಗುವುದಿಲ್ಲ, ತಡೆಯುವುದು ಅಸಿಟೈಲ್‌ಕೋಲಿನ್ ಎಂಬ ಇನ್ನೊಂದನ್ನು. ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಎಂಬುದಕ್ಕೆ ಮೊದಲ ಗಟ್ಟಿ ಸಾಕ್ಷಿ ಸಿಕ್ಕಿದ್ದೇ ಅದರಿಂದ. 1921ರಲ್ಲಿ ಆಸ್ಟ್ರಿಯಾದ ಒಟ್ಟೊ ಲೋವಿ ಎರಡು ಕಪ್ಪೆ ಹೃದಯಗಳನ್ನು ದ್ರವದಲ್ಲಿಟ್ಟ. ಒಂದರ ನರವನ್ನು ಕೆಣಕಿದಾಗ ಬಡಿತ ಇಳಿಯಿತು. ಆ ದ್ರವವನ್ನು ಎರಡನೆಯದಕ್ಕೆ ಹೊಯ್ದ, ಅದರ ಬಡಿತವೂ ಇಳಿಯಿತು.

ಚಲನೆಯ ಕೇಂದ್ರದಲ್ಲಿ ಡೋಪಮೈನ್ ಇಳಿದಾಗ ಅಸಿಟೈಲ್‌ಕೋಲಿನ್ನಿನ ಕೈ ಮೇಲಾಗುತ್ತದೆ, ಅದನ್ನು ತಗ್ಗಿಸಿದರೆ ನಡುಕ ತುಸು ತಗ್ಗುತ್ತದೆ. ಆದರೆ ನೆನಪಿಗೂ ಬೇಕಾದದ್ದು ಅದೇ ಅಸಿಟೈಲ್‌ಕೋಲಿನ್, ಬಾಯಿಯ ಜೊಲ್ಲಿಗೂ ಕರುಳಿನ ಓಟಕ್ಕೂ ಅದೇ. ನಮ್ಮ ಬೇಲಿಯ ಉಮ್ಮತ್ತಿಕಾಯಿ ತಿಂದವರು ಬಾಯಿ ಒಣಗಿ, ಇಲ್ಲದ್ದನ್ನು ಕಂಡು ಬಡಬಡಿಸುವುದು ಇದೇ ತಡೆಯಿಂದ. ಅಮ್ಮ ಒಂದು ರಾತ್ರಿ, ತೀರಿಹೋಗಿ ಒಂಬತ್ತು ವರ್ಷವಾದ ತಂಗಿ ಬಾಗಿಲಲ್ಲಿ ನಿಂತಿದ್ದಾಳೆ, ಒಳಗೆ ಕರೆ ಎಂದಳು. ಎಪ್ಪತ್ತು ದಾಟಿದವರಿಗೆ ಈ ಮಾತ್ರೆ ಕೊಡುವ ಮುಂಚೆ ಹತ್ತು ಸಲ ಯೋಚಿಸಬೇಕು. ಬಿಡಿಸಿದ ಮೇಲೆ ಕೈ ಸ್ವಲ್ಪ ಹೆಚ್ಚು ನಡುಗಿತು. ಚಿಕ್ಕಮ್ಮ ಮತ್ತೆ ಬರಲಿಲ್ಲ.

6. ತಾವಾಗಿ ನಿಲ್ಲಿಸಬೇಡಿ, ತಾವಾಗಿ ಹೆಚ್ಚಿಸಬೇಡಿ.

ಲೆವೊಡೋಪಾ ಒಮ್ಮೆಲೇ ನಿಂತರೆ ಮೈ ಬಿಗಿದು, ಜ್ವರವೇರಿ, ಎಚ್ಚರ ತಪ್ಪಿ ಜೀವಕ್ಕೇ ಬರಬಹುದು.

‘ಹೆಚ್ಚಿಸಬೇಡಿ’ ಎಂಬುದಕ್ಕೆ ದೊಡ್ಡಪ್ಪನ ಕಥೆ ಹೇಳಬೇಕು. ಅವರು ಪ್ರೀತಿಯಿಂದ ನಸುಗುನ್ನಿ ಬೀಜದ ಪುಡಿ ತಂದುಕೊಟ್ಟರು. ಮುಟ್ಟಿದರೆ ಮೈಯೆಲ್ಲ ತುರಿಸುವ ಆ ಕಾಯಿಯ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ, 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿ ತೋರಿಸಿದ್ದರು. ಪುಡಿ ಸುಳ್ಳಲ್ಲ, ಅದೇ ಅಣು. ತೊಂದರೆ ಇರುವುದೂ ಅಲ್ಲೇ. ಅಮ್ಮನ ಮೈಯಲ್ಲಿ ಮಾತ್ರೆಯ ಮೇಲೆ ಪುಡಿ ಸೇರಿ, ಚಮಚದಿಂದ ಚಮಚಕ್ಕೆ ಬದಲಾಗುವ ಲೆಕ್ಕವಾಯಿತು. ನಾಲ್ಕನೇ ದಿನ ಭುಜ, ಕತ್ತು, ತುಟಿ ತಾವಾಗಿಯೇ ಬಳುಕತೊಡಗಿದವು. ನಡುಕ ಲಯವಾಗಿ ಬರುತ್ತದೆ, ಇದು ಹಾವು ಹರಿದಂತೆ. ಪುಡಿ ನಿಲ್ಲಿಸಿದೆವು. ದೊಡ್ಡಪ್ಪ ನೊಂದುಕೊಂಡರು. ನೀವು ತಂದದ್ದು ಮಾತ್ರೆಯೊಳಗೆ ಆಗಲೇ ಇತ್ತು ದೊಡ್ಡಪ್ಪ, ಅಷ್ಟೇ, ಎಂದೆ.

7. ಮೂರು ತಿಂಗಳು ಬಿಟ್ಟು ಬನ್ನಿ. ಯಾವ ಹೊತ್ತಿಗೆ ಹೇಗಿರುತ್ತಾರೆ, ಬರೆದು ತನ್ನಿ.

ನೋಟ್‌ಬುಕ್ಕನ್ನು ನಾನು ಬರೆಯುತ್ತೇನೆ ಎಂದಿದ್ದೆ. ಅಮ್ಮ ಕೊಡಲಿಲ್ಲ. ‘ನನ್ನ ಮೈ ಸುದ್ದಿ ನಾನೇ ಬರೀತೀನಿ.’ ಡಾಕ್ಟರು ಅವಳ ಒಕ್ಕಣೆಯನ್ನು ಓದುವುದಕ್ಕಿಂತ ಹೆಚ್ಚಾಗಿ ಅಕ್ಷರವನ್ನು ನೋಡುತ್ತಾರೆ, ಈ ರೋಗದಲ್ಲಿ ಡೋಪಮೈನ್ ಇಳಿದಂತೆ ಬರಹವೂ ಕುಗ್ಗುತ್ತದೆ. ಎಂಟೂವರೆಯ ಸಾಲು ದುಂಡಗೆ, ಗೆರೆಯಿಂದ ಗೆರೆಗೆ ತುಂಬಿದೆ: ‘ತಿಂಡಿ ಆಯಿತು, ಹೂ ಕಟ್ಟಿದೆ.’ ಹತ್ತೂ ಮುಕ್ಕಾಲಿನದು ಜೋಳದ ಕಾಳಿನಷ್ಟು ಅಕ್ಷರದಲ್ಲಿ ಶುರುವಾಗಿ ಸಾಸಿವೆಯಾಗಿ ಮುಗಿಯುತ್ತದೆ, ಕೊನೆಯ ಪದ ಓದಲು ಭೂತಗನ್ನಡಿ ಬೇಕಾಯಿತು. ‘ಕಾಯ್ತಿದೀನಿ’ ಎಂದಿತ್ತು. ಅದರ ಕೆಳಗೆ ಹನ್ನೊಂದೂ ಮುಕ್ಕಾಲಿನ ಸಾಲು, ಮತ್ತೆ ದುಂಡಗೆ.